ಹಾಲುಕ್ಕದ ಮನೆ

ಕಡೂರಿನಲ್ಲಿ ನಾನು ಬಾಡಿಗೆಗಿರುವ ಮನೆಗೆ ಎರಡು ಬಾಗಿಲು. ಒಂದು ಬೀದಿಯ ಕಡೆಗೆ. ಇನ್ನೊಂದು ನಡುಗೋಡೆಯಲ್ಲಿದೆ, ಅದನ್ನು ತೆರೆದರೆ ಮಾಲೀಕರ ನಡುಮನೆ. ಬೀದಿ ಬಾಗಿಲಿನ ಬೀಗದ ಕೈ ನನ್ನ ಹತ್ತಿರ ಇತ್ತು. ನಡುಬಾಗಿಲಿನ ಚಿಲಕ ಮಾತ್ರ ಅವರ ಕಡೆಗಿತ್ತು, ನನ್ನ ಕಡೆ ಬರೀ ಹಲಗೆ. ಮನೆ ನೋಡಲು ಹೋದ ದಿನವೇ ಇದು ನನ್ನ ಕಣ್ಣಿಗೆ ಬೀಳಬೇಕಿತ್ತು. ನಾನು ಬಸ್ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಟಿಕೆಟ್ ತೆಗೆಯದೆ ನಿದ್ದೆಯ ನಾಟಕ ಆಡುವವರನ್ನು ಬಾಗಿಲಲ್ಲಿ ನಿಂತೇ ಗುರುತು ಹಿಡಿಯುತ್ತೇನೆ. ಆದರೆ ಆ ದಿನ ಮನೆ ಸಿಕ್ಕಿತಲ್ಲ ಅನ್ನುವ ಖುಷಿಯಲ್ಲಿ ಬಾಗಿಲು ಕಂಡಿತು, ಚಿಲಕ ಕಾಣಲಿಲ್ಲ.

ಮನೆ ಹುಡುಕಿ ಹುಡುಕಿ ಸಾಕಾಗಿತ್ತು. "ಯಾವ ಪೈಕಿ?" ಅನ್ನುವವರು ಒಬ್ಬರು, "ಯಜಮಾನ್ರು ಎಲ್ಲಿದಾರೆ?" ಅನ್ನುವವರು ಇನ್ನೊಬ್ಬರು. ಯಜಮಾನರು ತರೀಕೆರೆಯಲ್ಲಿದ್ದಾರೆ, ಅಲ್ಲೇ ಇರಲಿ, ನನಗೆ ಬೇಡ ಎಂದರೆ ಸಾಕು, ಕೊಟ್ಟ ಕಾಫಿಯನ್ನೂ ವಾಪಸ್ ಕೇಳುವ ಮುಖ ಮಾಡುತ್ತಿದ್ದರು. ಗಂಡನ ಮನೆಯಲ್ಲಿ ನನ್ನ ಬ್ಯಾಗು, ನನ್ನ ಫೋನು, ನನ್ನ ಟ್ರಂಕು ಯಾವುದೂ ನನ್ನದಾಗಿರಲಿಲ್ಲ. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಯಾರಾದರೊಬ್ಬರು ಬ್ಯಾಗಿನೊಳಗೆ ಕೈ ಹಾಕಿರುತ್ತಿದ್ದರು. ಅದಕ್ಕೂ ಮೊದಲು ಸಿಂಗಟಗೆರೆಯ ತವರಿನಲ್ಲಿ ಇದ್ದದ್ದೇ ಒಂದು ಕೋಣೆ, ಅದರಲ್ಲೇ ನಾವೆಲ್ಲ, ಜೊತೆಗೆ ಮೇಕೆ ಮರಿ. ದೇವರಲ್ಲಿ ನಾನು ಕೇಳಿಕೊಂಡದ್ದು ಒಂದೇ. ನಾನು ಕರೆಯದೆ ಯಾರೂ ಒಳಗೆ ಬರದಂಥ ಒಂದು ಮನೆ. ಕೋಳಿಗೂಡಿನಷ್ಟಿದ್ದರೂ ಚಿಂತೆಯಿಲ್ಲ.

ಅಂಥ ಹೊತ್ತಿನಲ್ಲಿ ಸಿಕ್ಕವರು ವಿಮಲಮ್ಮ. ಗಂಡ ತೀರ್ಥಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು, ಈಗಿಲ್ಲ. ಮಗ ವಿಶ್ವನಾಥ್ ಸಿಮೆಂಟಿನ ಅಂಗಡಿ ಇಟ್ಟ ಮೇಲೆ ಕೊಬ್ಬರಿ ತುಂಬುತ್ತಿದ್ದ ಕೋಣೆಗಳನ್ನು ಖಾಲಿ ಮಾಡಿಸಿ ಬಾಡಿಗೆಗೆ ಬಿಟ್ಟಿದ್ದರು. ವಿಮಲಮ್ಮ ಗಿಡ್ಡ ಆಳು, ಹಣೆಯ ತುಂಬ ವಿಭೂತಿ, ಮಾತಾಡುವಾಗ ನಮ್ಮ ಮುಖ ಬಿಟ್ಟು ಬೇರೆಲ್ಲ ಕಡೆ ನೋಡುವ ಅಭ್ಯಾಸ. ನನ್ನನ್ನು ಅವರು ಯಾವ ಪೈಕಿ ಎಂದು ಕೇಳಲಿಲ್ಲ.

"ಒಬ್ಳೇನಾ? ಇರ್ಲಿ ಬಿಡು. ಗೋಡೆ ತುಂಬ ಕೊಬ್ರಿ ವಾಸ್ನೆ ಕಣಮ್ಮ. ಬಿಸ್ಲು ಬಿದ್ದಾಗ ಜಾಸ್ತಿ ಬತ್ತದೆ. ಆಗ್ತದಾ?"

ಆಗುತ್ತದೆ ಎಂದೆ. ಕೊಬ್ಬರಿ ವಾಸನೆ ಯಾರಿಗೆ ಬೇಡ?

"ಆದ್ರೆ ಇದು ಆಷಾಢ. ಈಗ ಹಾಲುಕ್ಕಿಸಂಗಿಲ್ಲ. ಸಾಮಾನು ಇಟ್ಕೊಂಡು ಮಲಕ್ಕೋ. ಶ್ರಾವಣ ಬಂದ್ಮೇಲೆ ಒಲೆ ಪೂಜೆ ಮಾಡಿ ಹಾಲುಕ್ಕಿಸ್ಬಿಡು."

ಹೊಸ ಮನೆಗೆ ಹೋದವರು ಮೊದಲು ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕಿ ಚೆಲ್ಲುವ ತನಕ ಕಾಯುವುದು ನಮ್ಮಲ್ಲೂ ಉಂಟು. ಹೂಂ ಅಂದೆ. ಅಂದು ಮರೆತೆ. ಶ್ರಾವಣದಲ್ಲಿ ಹಬ್ಬದ ಜನ, ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕಾಲಿಡಲು ಜಾಗವಿಲ್ಲ. ರಜೆ ಕೇಳಿದರೆ ಡಿಪೊದಲ್ಲಿ ನಗುತ್ತಿದ್ದರು. ಹಾಲಿನ ಪ್ಯಾಕೆಟ್ಟು ಒಡೆದು ಕಾಫಿ ಕಾಸುವುದಕ್ಕೇ ಪುರುಸೊತ್ತಿಲ್ಲದವಳು ಅದನ್ನು ಉಕ್ಕಿಸುತ್ತ ಕೂರುತ್ತೇನೆಯೇ?

ನನ್ನದು ಬೆಳಗಿನ ಮೊದಲ ಬಸ್ಸು. ಕೋಳಿ ಕೂಗುವ ಮೊದಲೇ ಕಡೂರು ಬಿಟ್ಟು, ಬೀರೂರು, ತರೀಕೆರೆ ಹಾದು ಲಕ್ಕವಳ್ಳಿ ಮುಟ್ಟಿ, ತಿರುಗಿ ಬಂದು ಮನೆ ಸೇರುವಾಗ ಮಧ್ಯಾಹ್ನ. ಒಂದು ತುತ್ತು ತಿಂದು ಮಲಗಿದರೆ ಮೈಯೊಳಗಿನ ಬಸ್ಸು ನಿಲ್ಲುತ್ತಿರಲಿಲ್ಲ. ಮಂಚ ಸಣ್ಣಗೆ ಕುಲುಕುತ್ತಿತ್ತು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಜಾರಿಕೊಂಡು ಹೋಗುತ್ತಿತ್ತು, ಗೋಡೆಯಿಂದ ಕೊಬ್ಬರಿ ವಾಸನೆ ಏಳುತ್ತಿತ್ತು, ನಾನು ಮಂಚದಲ್ಲೇ ತರೀಕೆರೆ ದಾಟಿ ಹೋಗುತ್ತಿದ್ದೆ. ದಾರಿಯಲ್ಲಿ ಜನ ಕೈ ಅಡ್ಡ ಹಿಡಿಯುತ್ತಿದ್ದರು. ಹತ್ತಿದವರ ಮುಖ ಕಾಣುತ್ತಿರಲಿಲ್ಲ.

ಅವರಲ್ಲಿ ಒಬ್ಬಳು ಮಾತ್ರ ದಿನಾ ಬರುತ್ತಿದ್ದಳು. ಅವಳು ರಸ್ತೆಯಿಂದ ಹತ್ತುತ್ತಿರಲಿಲ್ಲ, ಗೋಡೆಯಿಂದ ಹತ್ತುತ್ತಿದ್ದಳು. ಬರಿಗಾಲಲ್ಲಿ ಮೆಲ್ಲಗೆ ಬಂದು, ಗೋಡೆಯ ಗೂಡಿನಲ್ಲಿದ್ದ ದೀಪ ಹಚ್ಚಿ, ಕಿಟಕಿಯ ಕೆಳಗೆ ಕಾಲು ಚಾಚಿ ಕೂರುತ್ತಿದ್ದಳು. ತುರುಬು ಬಿಚ್ಚಿ ಕೂದಲನ್ನು ಬೆನ್ನ ಮೇಲೆ ಹರಡಿಕೊಳ್ಳುತ್ತಿದ್ದಳು. ಬಾಯೊಳಗೇ ಏನೋ ಗುನುಗುತ್ತಿದ್ದಳು, ಪದ ತಿಳಿಯುತ್ತಿರಲಿಲ್ಲ. ಅವಳು ನಮ್ಮವ್ವ ದ್ಯಾಮಮ್ಮ ಅಂತ ನನಗೆ ಖಾತ್ರಿಯಾಗಿತ್ತು. ಅವ್ವ ಸತ್ತು ಎಷ್ಟೋ ವರ್ಷವಾಯಿತು. ಬದುಕಿದ್ದಾಗ ಅವಳು ಹೀಗೆ ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲೇ ಇಲ್ಲ. ಈಗಲಾದರೂ ಕೂತಳಲ್ಲ ಎಂದು ನಿದ್ದೆಯಲ್ಲೇ ಸಮಾಧಾನವಾಗುತ್ತಿತ್ತು.

"ಅವ್ವ, ಎಲ್ಲಿಗೆ?" ಎಂದು ಒಂದು ದಿನ ಕೇಳಿದೆ. ಟಿಕೆಟ್ ಕೊಡುವವಳಲ್ಲವೇ, ಅದೇ ಬಾಯಿಗೆ ಬಂತು.

"ಎಲ್ಲಿಗೂ ಇಲ್ಲ. ಮಲಕ್ಕೋ" ಎಂದಳು.

ಸಂಜೆ ಎದ್ದು ನೋಡಿದರೆ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಹೊಸ ಬತ್ತಿ, ಹೊಸ ಎಣ್ಣೆ. ಹೆದರಿಕೆ ಆಗಲಿಲ್ಲ. ನಿಜ ಹೇಳುತ್ತೇನೆ, ಸಂತೋಷವಾಯಿತು. ಯಾರಿಗೂ ಬಾಯಿ ಬಿಡಲಿಲ್ಲ. ಡ್ಯೂಟಿಯಲ್ಲಿ ಯಾರಾದರೂ ಜಗಳ ತೆಗೆದರೂ, ಮಧ್ಯಾಹ್ನ ಅವ್ವ ಬರುತ್ತಾಳೆ ಎಂದು ಸುಮ್ಮನಾಗುತ್ತಿದ್ದೆ. ನಾನು ಸುಮ್ಮನಾದದ್ದು ನೋಡಿ ಡ್ರೈವರಿಗೇ ಗಾಬರಿಯಾಗಿತ್ತು.

ಹೀಗೇ ನಡೆದು, ಒಂದು ದಿನ ಅವಳು ಎದ್ದು ಹೊರಟಾಗ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಗಳಿಗೆ ಇರು ಎಂದು ಕೈ ಚಾಚಿ ಸೆರಗು ಹಿಡಿದೆ. ಸೆರಗು ಕೈಗೆ ಸಿಕ್ಕಿತು. ಕನಸಿನ ಸೆರಗು ಕೈಗೆ ಸಿಗುವುದಿಲ್ಲ ಎಂದು ಕನಸಿನಲ್ಲೇ ಹೊಳೆದು ಕಣ್ಣು ಬಿಟ್ಟೆ.

"ಬಿಡು ಮಗ, ಹಳೇ ಸೀರೆ, ಹರಿದ್ಹೋಯ್ತದೆ" ಎಂದರು ವಿಮಲಮ್ಮ.

ಎದ್ದು ಕೂತೆ. ನಡುಬಾಗಿಲು ಅರ್ಧ ತೆರೆದಿತ್ತು. ಗೂಡಿನಲ್ಲಿ ದೀಪ. ನೆಲದ ಮೇಲೆ ಅವರ ಬಾಚಣಿಗೆ.

"ದಿನಾ ಬರೋದು ನೀವಾ?"

"ಹೂಂ. ಯಾಕಮ್ಮ ಎದ್ದೆ? ಇನ್ನೂ ಹೊತ್ತಿದೆ, ಮಲಕ್ಕೋ" ಎಂದು ಆ ಪುಣ್ಯಾತ್ಮರು ನನಗೇ ಹೇಳಿ, ಬಾಚಣಿಗೆ ಎತ್ತಿಕೊಂಡರು.

ನನಗೆ ಬಂದ ಸಿಟ್ಟು ಹೇಳತೀರದು. ಕೇಳದೆ ಬಂದರಲ್ಲ ಎಂಬುದು ಒಂದು. ನನ್ನ ಅವ್ವನನ್ನು ಕಿತ್ತುಕೊಂಡರಲ್ಲ ಎಂಬುದು ಅದಕ್ಕಿಂತ ದೊಡ್ಡದು, ಅದನ್ನು ಹೇಳಲು ಬರುತ್ತಿರಲಿಲ್ಲ. "ನಾನು ಬಾಡಿಗೆಗಿರೋ ಮನೆ ಇದು. ಮಲಗಿರೋ ಹೆಂಗಸಿನ ಕೋಣೆಗೆ ಹೇಳ್ದೆ ಕೇಳ್ದೆ ಬರ್ತೀರಲ್ಲ, ಇದು ಯಾವ ನ್ಯಾಯ?" ಎಂದು ಕೂಗಾಡಿದೆ.

ವಿಮಲಮ್ಮನಿಗೆ ನಿಜಕ್ಕೂ ಆಶ್ಚರ್ಯವಾದಂತಿತ್ತು. "ನೀನಿನ್ನೂ ಹಾಲುಕ್ಕಿಸಿಲ್ವಲ್ಲಮ್ಮ" ಎಂದರು.

"ಅದಕ್ಕೂ ಇದಕ್ಕೂ ಏನು?"

"ಹಾಲುಕ್ಕೋ ತನ್ಕ ಮನೆ ನಮ್ಮ ಕೈಲೇ ಇರ್ತದೆ. ನೀನು ಸಾಮಾನು ಇಟ್ಕೊಂಡಿದೀಯ, ಅಷ್ಟೇ. ಒಕ್ಕಲಾಗಿಲ್ಲ. ಒಕ್ಕಲಾಗ್ದಿರೋ ಮನೇನ ಸಂಜೆ ಹೊತ್ಗೆ ದೀಪ ಇಲ್ದೆ ಬಿಡಂಗಿಲ್ಲ, ಅದಕ್ಕೇ ಬತ್ತೀನಿ. ಶ್ರಾವಣದಿಂದ ಕಾಯ್ತಾನೇ ಇದೀನಿ, ನೀನು ಒಲೆ ಕಡೆ ತಿರುಗೂ ನೋಡ್ಲಿಲ್ಲ."

ಇಂಥ ವಾದಕ್ಕೆ ಏನು ಹೇಳುತ್ತೀರಿ? ಸ್ಟಾಂಪ್ ಕಾಗದದ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು, ಮೊಟ್ಟೆ ಬೇಯಿಸಬಾರದು ಎಂದೆಲ್ಲ ಇತ್ತು. ಯಾರು ಯಾರ ಮನೆಯೊಳಗೆ ಯಾವಾಗ ಬರಬಹುದು ಎಂಬುದು ಇರಲೇ ಇಲ್ಲ. ಸಂಜೆ ವಿಶ್ವನಾಥ್ ಅಂಗಡಿಯಿಂದ ಬರುವುದನ್ನೇ ಕಾದು ಕೇಳಿದೆ. "ವಿಶ್ವಣ್ಣ, ನಡುಬಾಗಿಲಿಗೆ ನನ್ನ ಕಡೆನೂ ಒಂದು ಚಿಲಕ ಹಾಕಿಸ್ಕೊಡಿ."

"ಯಾಕೆ ಮೇಡಂ, ಬಂದಿದ್ದು ಅಮ್ಮ ತಾನೆ? ಹೊರಗಿನೋರಾ?" ಎಂದು ನಕ್ಕರು. ಕೆಟ್ಟ ಮನುಷ್ಯನಲ್ಲ. ಆದರೆ ತನ್ನ ಮನೆಯೊಳಗೆ ಯಾರಾದರೂ ಕೇಳದೆ ಬರಬಹುದು ಎಂಬ ಯೋಚನೆಯೇ ಒಮ್ಮೆಯೂ ಬಾರದ ಮನುಷ್ಯನಿಗೆ ಚಿಲಕದ ವಿಷಯ ಹೇಳುವುದು ಬಹಳ ಕಷ್ಟ.

ನನ್ನ ಬಸ್ಸಿಗೆ ತರೀಕೆರೆಯಿಂದ ಕಡೂರಿಗೆ ದಿನಾ ಬರುವ ವಕೀಲರು ಓಂಕಾರೇಶ್. ಅವರನ್ನು ಕೇಳಿದೆ. "ಮನೆ ಅವ್ರದೇ ಇರ್ಬೋದು ಕಣಮ್ಮ. ಬಾಡಿಗೆಗೆ ಕೊಟ್ಟ ಮೇಲೆ ಒಳಗೆ ನೆಮ್ಮದಿಯಾಗಿರೋ ಹಕ್ಕು ನಿಂದು. ರಿಪೇರಿ ಅದೂ ಇದೂ ಅಂದ್ರೆ ಮೊದ್ಲೇ ಹೇಳಿ, ನೀನು ಹೂಂ ಅಂದ್ಮೇಲೆ ಬರ್ಬೇಕು. ಬೇಕಾದ್ರೆ ಒಂದು ನೋಟಿಸ್ ಕೊಡೋಣ" ಎಂದರು. ಇದನ್ನು ವಿಶ್ವಣ್ಣನಿಗೆ ಹೇಳಿದಾಗ, "ನೋಟಿಸಾ?" ಎಂದು ಮತ್ತೆ ನಕ್ಕರು, ಈ ಸಲ ಹಲ್ಲು ಕಾಣಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಆಮೇಲೆ ನಿದ್ದೆ ಹೋಯಿತು. ಹಾಲುಕ್ಕಿಸಿದರೆ ಅವರ ವಾದ ಒಪ್ಪಿದಂತಾಗುತ್ತದೆ ಎಂದು ಅದನ್ನೂ ಮಾಡಲಿಲ್ಲ. ಟ್ರಂಕನ್ನು ನಡುಬಾಗಿಲಿಗೆ ಒತ್ತಿ ಇಟ್ಟು ಮಲಗುತ್ತಿದ್ದೆ. ಬಾಗಿಲು ಅವರ ಕಡೆಗೆ ತೆರೆಯುತ್ತದೆ, ಟ್ರಂಕು ಇಟ್ಟರೆ ಏನೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಇಡುತ್ತಿದ್ದೆ. ವಿಮಲಮ್ಮ ಟ್ರಂಕು ದಾಟಿಕೊಂಡು ಬಂದು ದೀಪ ಹಚ್ಚಿ ಹೋಗುತ್ತಿದ್ದರು. ಕಾಲು ಚಾಚಿ ಕೂರುವುದನ್ನು ಮಾತ್ರ ಬಿಟ್ಟಿದ್ದರು. ನಾನು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ನಾನು ಎಚ್ಚರವಿರುವುದು ಅವರಿಗೂ ಗೊತ್ತಿರುತ್ತಿತ್ತು.

ಕಾರ್ತಿಕ ಬಂತು. ಒಂದು ಮಧ್ಯಾಹ್ನ ಸ್ನಾನ ಮಾಡಿ, ಲಂಗ ಎದೆಗೆ ಕಟ್ಟಿಕೊಂಡು ಬಚ್ಚಲಿನಿಂದ ಕೋಣೆಗೆ ಬಂದಿದ್ದೆ. ನಡುಬಾಗಿಲು ತೆರೆದು ವಿಶ್ವನಾಥ್ ಒಳಗೆ ಕಾಲಿಟ್ಟರು. ಹಿಂದೆ ನಲ್ಲಿ ರಿಪೇರಿಯವನು, ಕೈಯಲ್ಲಿ ಸ್ಪ್ಯಾನರ್. ನಾನು ಕಿರುಚಿ ಹೊದಿಕೆ ಎಳೆದುಕೊಂಡೆ. ನಲ್ಲಿಯವನು ಪಾಪ, ತಕ್ಷಣ ಬೆನ್ನು ತಿರುಗಿಸಿ ಹೊರಗೆ ಓಡಿದ. ವಿಶ್ವನಾಥ್ ಓಡಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ಅಲ್ಲೇ ನಿಂತು ಹೇಳಿದರು.

"ಡ್ಯೂಟಿಗೆ ಹೋಗಿದೀರ ಅನ್ಕೊಂಡೆ ಮೇಡಂ. ಪೈಪು ಸೋರ್ತಿತ್ತು. ನಮ್ಮನೆ ಪೈಪ್ ನೋಡೋಕೆ ನಾನು ಯಾರನ್ನ ಕೇಳ್ಬೇಕು?"

ಬಸ್ಸಿನಲ್ಲಿ ಕುಡಿದು ಬಂದವರನ್ನು ಕೊರಳಪಟ್ಟಿ ಹಿಡಿದು ಇಳಿಸಿದವಳು, ಹೊದಿಕೆ ಹಿಡಿದುಕೊಂಡು ಮೂಲೆಗೆ ಸರಿದಿದ್ದೆ. ತರೀಕೆರೆಯ ಆ ಮನೆಯನ್ನು ಬಿಟ್ಟು ನಾನು ಎಲ್ಲಿಗೂ ಬಂದೇ ಇಲ್ಲ ಅನ್ನಿಸಿತು. ವಿಶ್ವನಾಥರ ಹೆಗಲಿನಾಚೆ, ನಡುಮನೆಯಲ್ಲಿ ವಿಮಲಮ್ಮ ನಿಂತಿದ್ದರು. ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿದ್ದರು. ಬಂದು ಮಗನ ರಟ್ಟೆ ಹಿಡಿದು ಆಚೆ ಎಳೆದುಕೊಂಡು ಬಾಗಿಲು ಮುಚ್ಚಿದರು.

ಸಂಜೆ ಗಂಟು ಮೂಟೆ ಕಟ್ಟುತ್ತಿದ್ದೆ. ಬೀದಿ ಬಾಗಿಲ ಕಡೆಯಿಂದ ಕರೆದ ಸದ್ದಾಯಿತು. ವಿಮಲಮ್ಮ ಸುತ್ತು ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಹಾಲಿನ ಚೊಂಬು.

"ನಾಳೆ ಸೋಮವಾರ. ಹಾಲುಕ್ಕಿಸು" ಎಂದರು.

"ನಾನು ಮನೆ ಬಿಡ್ತಾ ಇದೀನಿ ಅಮ್ಮ. ಹಾಲು ಯಾಕೆ?"

"ಬಿಡೋದಾದ್ರೆ ನಾಡಿದ್ದು ಬಿಡು. ನಾಳೆ ಉಕ್ಕಿಸು. ನೀನು ಹಠಕ್ಕೆ ಉಕ್ಕಿಸ್ಲಿಲ್ಲ, ನಾನು ಹಠಕ್ಕೆ ಬಂದೆ. ನಾನು ಬಂದೆ ಅಂತ ಅವ್ನೂ ಬಂದ." ಚೊಂಬನ್ನು ಹೊಸ್ತಿಲ ಮೇಲೆ ಇಟ್ಟು ಹೋದರು. ಒಳಗೆ ಬರಲಿಲ್ಲ.

ಮಾರನೆಯ ದಿನ ನನ್ನ ವಾರದ ರಜೆ. ಅವರ ಮಾತಿಗೆ ಬೆಲೆ ಕೊಟ್ಟೆನೋ, ಹೊಸ ಮನೆ ಹುಡುಕುವ ತ್ರಾಣ ಇರಲಿಲ್ಲವೋ, ಹೇಗೋ ಒಲೆ ತೊಳೆದು ರಂಗೋಲಿ ಹಾಕಿ ಹಾಲಿಟ್ಟೆ. ವಿಮಲಮ್ಮ ನಡುಬಾಗಿಲು ತೆಗೆದು ತಮ್ಮ ಕಡೆಯೇ ನಿಂತರು. ಮಗನನ್ನೂ ಸೊಸೆ ಸುಮನಾಳನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಹಾಲು ಸುಮ್ಮನೆ ಕೂತಿತ್ತು, ಅಂಚಿನಲ್ಲಿ ಗುಳ್ಳೆ ಕಟ್ಟಿತು, ಕೆನೆ ಮೆಲ್ಲಗೆ ಉಬ್ಬಿತು. ಬೆಳಗಿನ ಬಿಸಿಲಿಗೆ ಗೋಡೆಯ ಕೊಬ್ಬರಿ ವಾಸನೆಯೂ ಎದ್ದು ಹಾಲಿನ ವಾಸನೆಗೆ ಸೇರಿಕೊಂಡಿತು. ನನಗೆ ಮತ್ತೆ ಮಂಚದ ಮೇಲೆ ತೇಲಿದಂತಾಯಿತು. ಅಷ್ಟರಲ್ಲಿ ಹಾಲು ಉಕ್ಕಿ ಮೂಡಲ ಕಡೆಗೆ ಚೆಲ್ಲಿತು.

"ಆಯ್ತು" ಎಂದರು ವಿಮಲಮ್ಮ. ಮಗನ ಕಡೆ ತಿರುಗಿದರು. "ನೋಡ್ದೇನೋ? ಹಾಲುಕ್ಕಿದ ಮನೆ ಇದು. ಗೋಡೆ ನಿಂದು, ಹೆಂಚು ನಿಂದು. ಒಳಗಿಂದು ಅವ್ಳದು. ಕರೆದ್ರೆ ಹೋಗು, ಇಲ್ದಿದ್ರೆ ಇಲ್ಲ. ನಿಮ್ಮಪ್ಪ ಇದ್ದಿದ್ರೆ ಇದನ್ನ ಹೇಳಿಸ್ಕೊಳ್ತಿರ್ಲಿಲ್ಲ."

ವಕೀಲರ ನೋಟಿಸಿಗೆ ನಕ್ಕಿದ್ದ ವಿಶ್ವನಾಥ್ ಈಗ ನಗಲಿಲ್ಲ. ಒಲೆಯಿಂದ ಇಳಿದು ನೆಲಕ್ಕೆ ಹರಿದ ಹಾಲನ್ನು ನೋಡಿದರು. "ತಪ್ಪಾಯ್ತು ಮೇಡಂ" ಎಂದರು. ಹತ್ತು ಗಂಟೆಗೆಲ್ಲ ಬಡಗಿ ದೇವೀರಪ್ಪ ಬಂದು ನನ್ನ ಕಡೆಗೆ ಗಟ್ಟಿ ಚಿಲಕ ಹಾಕಿಕೊಟ್ಟ. ಗೂಡಿನ ದೀಪಕ್ಕೆ ಅಂದಿನಿಂದ ನಾನೇ ಎಣ್ಣೆ ಹಾಕಿದೆ.

ಆ ವಾರ ನಾನು ಮಾಡಿದ ನಿದ್ದೆಯೆಂದರೆ ನಿದ್ದೆ. ಬಸ್ಸಿಲ್ಲ, ತರೀಕೆರೆಯಿಲ್ಲ, ಅವ್ವನೂ ಇಲ್ಲ. ಎದ್ದು ಚಿಲಕ ಮುಟ್ಟಿ ನೋಡಿ ಮತ್ತೆ ಮಲಗುತ್ತಿದ್ದೆ. ಇಷ್ಟಕ್ಕೇ ಮುಗಿದಿದ್ದರೆ ವಿಮಲಮ್ಮನ ಬಗ್ಗೆ ನಾನು ಬರೆಯುತ್ತಿರಲಿಲ್ಲ.

ಅವರು ಹಾಲು ತಂದಿದ್ದ ಚೊಂಬನ್ನು ಬರಿದಾಗಿ ಕೊಡಬಾರದೆಂದು ಸಿಂಗಟಗೆರೆಯಿಂದ ಬಂದ ಅವರೆಕಾಯಿ ತುಂಬಿಕೊಂಡು ಅವರ ಮನೆಗೆ ಹೋದೆ. ಅಷ್ಟು ದಿನ ಇದ್ದರೂ ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನಡುಮನೆಯಲ್ಲಿ ಟಿ.ವಿ.ಯ ಪಕ್ಕ ಒಂದು ಮಂಚ, ಅದರ ಮೇಲೆ ವಿಮಲಮ್ಮ. ಅವರ ಕೋಣೆ ಮೊಮ್ಮಗಳು ಕೃತಿಕಾಳ ಓದಿಗೆ ಹೋಗಿತ್ತು. ಮಂಚದ ತುದಿಯಲ್ಲಿ ಯಾರೋ ಪೇಪರ್ ಓದುತ್ತ ಕೂತಿದ್ದರು, ಸಿಮೆಂಟಿನ ಲೆಕ್ಕಕ್ಕೆ ಬಂದವರಂತೆ. ಕೃತಿಕಾ ಅಜ್ಜಿಯ ದಿಂಬಿನಡಿಯಿಂದ ಚಾರ್ಜರ್ ಎಳೆದುಕೊಂಡು ಹೋದಳು. ಸುಮನಾ ಬಂದು, "ಅತ್ತೆ, ಮಾತ್ರೆ ತಗೊಂಡ್ರಾ? ಬಾಯಿ ತೋರ್ಸಿ, ಬೆಲ್ಲ ತಿಂದಿಲ್ಲ ತಾನೆ?" ಎಂದು ಪ್ರೀತಿಯಿಂದಲೇ ಕೇಳಿದಳು. ಕೆಟ್ಟವರು ಯಾರೂ ಇರಲಿಲ್ಲ. ಆದರೆ ಆ ಹೆಂಗಸಿಗೆ ತಲೆ ಬಿಚ್ಚಿ ಬಾಚಿಕೊಳ್ಳಲು ಒಂದು ಮರೆ ಇರಲಿಲ್ಲ. ತುರುಬು ಬಿಗಿಯಾಗಿ ಕಟ್ಟಿ, ಕಾಲು ಮಡಚಿಕೊಂಡು, ನೋಡದ ಟಿ.ವಿ.ಯ ಮುಂದೆ ಕೂತಿದ್ದರು.

"ಅಮ್ಮ, ಬಸ್ಸು ಫ್ರೀ ಅಲ್ವಾ. ಒಂದಿನ ನನ್ನ ಬಸ್ಸಲ್ಲಿ ಬನ್ನಿ, ನಿಮ್ಮ ತವರು ಅಮೃತಾಪುರದ ಕಡೆಗಾದ್ರೂ ಹೋಗ್ಬನ್ನಿ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಅಲ್ಲೂ ಇದೇ ತಾನೆ. ಅಣ್ಣನ ಮನೆ ನಡುಮನೆ" ಎಂದರು.

ಆಗ ತಿಳಿಯಿತು. ದೀಪ ಹಚ್ಚಲು ಎಷ್ಟು ಹೊತ್ತು ಬೇಕು? ಕಡ್ಡಿ ಗೀರುವಷ್ಟು. ಉಳಿದ ಹೊತ್ತೆಲ್ಲ ಅವರು ಕಿಟಕಿಯ ಕೆಳಗೆ ಕಾಲು ಚಾಚಿ ಕೂತದ್ದು ಯಾರ ಶಾಸ್ತ್ರಕ್ಕೂ ಅಲ್ಲ. ಅವರನ್ನು ಯಾರೂ ಕೂಗಿ ಎಬ್ಬಿಸದ ಜಾಗ ಆ ಊರಲ್ಲಿ ಅವರಿಗೆ ಅದೊಂದೇ ಇತ್ತು. ನನಗೆ ಹಾಲು ತಂದುಕೊಟ್ಟು, ಮಗನ ಮುಂದೆ ಮಾತಾಡಿ, ಅದನ್ನೂ ಕೈಯಾರೆ ಮುಚ್ಚಿಸಿಕೊಂಡಿದ್ದರು. ನನಗೆ ಅಳು ಬಂತು. ಅವರೆಕಾಯಿ ಸುರಿಯುವ ನೆವದಲ್ಲಿ ಬಗ್ಗಿಕೊಂಡೆ.

ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ. ಚಿಲಕ ತೆಗೆದಿಡಲು ನನಗೆ ಮನಸ್ಸಿಲ್ಲ. ಆ ಚಿಲಕಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೇನೆ ಎಂದು ನನಗೇ ಗೊತ್ತು. ಆದರೆ ಬೆಳಗ್ಗೆ ಪೂರ್ತಿ ನಾನು ಬಸ್ಸಿನಲ್ಲಿರುತ್ತೇನೆ, ಮನೆ ಖಾಲಿ. ಮಾರನೆಯ ದಿನ ಬೀದಿ ಬಾಗಿಲಿನ ಇನ್ನೊಂದು ಬೀಗದ ಕೈಯನ್ನು ವಿಮಲಮ್ಮನ ಸೆರಗಿನ ತುದಿಗೆ ನಾನೇ ಗಂಟು ಹಾಕಿದೆ.

"ನಾನು ಡ್ಯೂಟಿಲಿದ್ದಾಗ ಬನ್ನಿ. ನಾನು ಕರೀತಿದೀನಿ, ಕೇಳಿಸ್ಕೊಳ್ಳಿ. ಬಂದ್ಮೇಲೆ ಎರಡೂ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೊಳ್ಳಿ."

"ಚಿಲಕ ಯಾಕೆ? ಕಳ್ಳತನ ಮಾಡೋಕಾ?"

"ಸುಮ್ನೆ ಹಾಕ್ಕೊಂಡು ನೋಡಿ."

ಬರಲಿಲ್ಲ. ಹಲವು ದಿನ ಬರಲಿಲ್ಲ. ಗಂಟು ಹಾಗೆಯೇ ಸೆರಗಿನಲ್ಲಿ ತೂಗುತ್ತಿತ್ತು. ನಾನೂ ಕೇಳಲು ಹೋಗಲಿಲ್ಲ.

ಆಮೇಲೊಂದು ದಿನ ಲಕ್ಕವಳ್ಳಿಯ ಹತ್ತಿರ ಬಸ್ಸು ಕೆಟ್ಟು, ಬೇರೆ ಬಸ್ಸು ಹತ್ತಿ ಬೇಗನೆ ಬಂದುಬಿಟ್ಟೆ. ಬೀಗ ತೆಗೆಯಲು ಕೈ ಹಾಕಿದರೆ ಬೀಗವೇ ಇಲ್ಲ. ಬಾಗಿಲು ತಳ್ಳಿದೆ, ಬರಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಯ ಒಳಗಿನಿಂದ ಮೆಲ್ಲಗೆ ಗುನುಗುವುದು ಕೇಳುತ್ತಿತ್ತು. ಈ ಸಲ ಪದಗಳೂ ಕೇಳಿದವು, ತೊಟ್ಟಿಲು ತೂಗುವ ಹಾಡು. ಯಾರ ತೊಟ್ಟಿಲೋ.

ಬಾಗಿಲು ತಟ್ಟಿದೆ. ಹಾಡು ನಿಂತಿತು.

"ಯಾರು?" ಎಂದರು ವಿಮಲಮ್ಮ.

ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಸ್ವಲ್ಪ ಗತ್ತು ಇತ್ತು. ಎಪ್ಪತ್ತು ದಾಟಿದ ಹೆಂಗಸು, ಮುಚ್ಚಿದ ಬಾಗಿಲಿನ ಒಳಗಿನಿಂದ ಆ ಪ್ರಶ್ನೆ ಕೇಳುತ್ತಿರುವುದು ಇದೇ ಮೊದಲಿರಬೇಕು ಅನ್ನಿಸಿತು.

"ನಾನಮ್ಮ, ಹೇಮಶ್ರೀ."

"ತಡಿ, ತುರುಬು ಕಟ್ಕೋತಿದೀನಿ."

"ನಿಧಾನ ಕಟ್ಕೊಳ್ಳಿ" ಎಂದು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಮನೆಯ ಜಗಲಿಯ ಮೇಲೆ ಕೂತು ಕಾದೆ.